ನೈರೋಬಿಯಲ್ಲಿ ಮಟಾಟು ಹತ್ತುವುದು ಹೇಗೆ: ಬಣ್ಣ ನೋಡಿ, ಚಾರ್ಜ್ ಕೇಳಿ, ಆಮೇಲೆ ಕಾಲಿಡಿ

ಕೆನ್ಯಾದ ರಾಜಧಾನಿ ನೈರೋಬಿಗೆ ಬಂದ ಮೊದಲ ವಾರ ಕೆಲಸದ ಜಾಗದಲ್ಲಿ ನನಗೊಂದು ಹಾಳೆ ಕೊಟ್ಟರು. ಏನು ಮಾಡಬೇಕು, ಏನು ಮಾಡಬಾರದು ಅಂತ. ಮೂರನೇ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ‘ಮಟಾಟು ಹತ್ತಬೇಡಿ’ ಅಂತಿತ್ತು. ಕಾರಣ ಇರಲಿಲ್ಲ. ಮಟಾಟು ಅಂದರೆ ಇಲ್ಲಿ ಜನ ಓಡಾಡುವ ಪ್ರೈವೇಟ್ ವ್ಯಾನು, ಮಿನಿ ಬಸ್ಸು.

ನಾನು ಉಡುಪಿ ಕಡೆಯವಳು. ಫುಟ್‌ಬೋರ್ಡಿನಲ್ಲಿ ಒಂದೇ ಕಾಲಿಟ್ಟು ಸೀಟಿ ಊದುವ ಕಂಡಕ್ಟರು, ಹಣೆ ಮೇಲೆ ದೇವರ ಹೆಸರು ಬರೆಸಿಕೊಂಡು ಓಡುವ ಪ್ರೈವೇಟ್ ಬಸ್ಸು, ಎರಡು ನಿಮಿಷದ ಟೈಮಿಂಗ್‌ಗೆ ಜಗಳ. ಇದನ್ನೆಲ್ಲ ನೋಡುತ್ತಲೇ ಕಾಲೇಜು ಮುಗಿಸಿದವಳಿಗೆ ವ್ಯಾನ್ ಕಂಡರೆ ಭಯ ಯಾಕೆ? ಆದರೂ ಎರಡು ತಿಂಗಳು ಟ್ಯಾಕ್ಸಿಗೆ ದುಡ್ಡು ಸುರಿದೆ. ಆಮೇಲೊಂದು ಸಂಜೆ ಸುಮ್ನೆ ಹತ್ತಿಬಿಟ್ಟೆ. ಆರು ವರ್ಷ ಆಯಿತು, ಇನ್ನೂ ಹತ್ತುತ್ತಲೇ ಇದ್ದೇನೆ.

ಇಲ್ಲಿಗೆ ಕೆಲಸಕ್ಕೆ ಬರುವ ನಮ್ಮವರು ಹೆಚ್ಚಾಗಿ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮನೆ ಹಿಡಿಯುತ್ತಾರೆ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಆಫೀಸು, ಶನಿವಾರ ದೇವಸ್ಥಾನ, ಭಾನುವಾರ ಮಾಲ್. ಹೀಗೆ ಮೂರು ವರ್ಷ ಕಳೆದು ವಾಪಸ್ ಹೋದವರನ್ನು ನಾನು ಬಲ್ಲೆ. ಈ ಊರಿನ ಇಪ್ಪತ್ತರ ಹುಡುಗ ಹುಡುಗಿಯರು ಏನು ಮಾತಾಡುತ್ತಾರೆ, ಯಾವುದಕ್ಕೆ ನಗುತ್ತಾರೆ ಅಂತ ಅವರಿಗೆ ಗೊತ್ತೇ ಆಗಲಿಲ್ಲ. ಅದು ಗೊತ್ತಾಗುವುದು ಮಟಾಟುವಿನಲ್ಲಿ. ಹಾಗಂತ ಕಣ್ಣು ಮುಚ್ಚಿ ಹತ್ತುವಂಥದ್ದೂ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಆರಿಸುವುದು

ಮೊದಲು ಹೆಸರು. ಸ್ವಾಹಿಲಿಯಲ್ಲಿ ಟಾಟು ಅಂದರೆ ಮೂರು. ಒಂದು ಕಾಲಕ್ಕೆ ಚಾರ್ಜ್ 30 ಸೆಂಟ್ ಇತ್ತಂತೆ, ಹತ್ತು ಸೆಂಟಿನ ಮೂರು ನಾಣ್ಯ ಕೊಟ್ಟರೆ ಆಯಿತು. ಹೆಸರು ಹಾಗೆ ಬಂತು ಅನ್ನುತ್ತಾರೆ. ಶುರುವಿನಲ್ಲಿ ಇವು ಪರವಾನಗಿ ಇಲ್ಲದೆ ಓಡುವ ಕಳ್ಳ ಗಾಡಿಗಳು. 1973ರಲ್ಲಿ ಅಧ್ಯಕ್ಷ ಜೋಮೊ ಕೆನ್ಯಾಟಾ ‘ಓಡಲಿ ಬಿಡಿ’ ಅಂದ ಮೇಲೆ ಊರು ತುಂಬ ಆದವು.

ಇವತ್ತು ನಿಮ್ಮ ಮುಂದೆ ಎರಡು ಜಾತಿ ಬಂದು ನಿಲ್ಲುತ್ತವೆ. ಒಂದು, 14 ಸೀಟಿನ ವ್ಯಾನು. ಮೈ ಸುತ್ತ ಹಳದಿ ಪಟ್ಟಿ, ಬೇರೆ ಅಲಂಕಾರ ಕಮ್ಮಿ, ಬೇಗ ತುಂಬುತ್ತದೆ. ಇನ್ನೊಂದು, ಲಾರಿ ಚಾಸಿಸ್ ಮೇಲೆ ಬಾಡಿ ಕಟ್ಟಿದ 33 ಸೀಟಿನ ಮಿನಿ ಬಸ್ಸು. ಇದಕ್ಕೆ ಮೈತುಂಬ ಚಿತ್ರ, ಒಳಗೆ ನೀಲಿ ದೀಪ, ಟಿವಿ, ಎದೆ ನಡುಗಿಸುವ ಸ್ಪೀಕರ್ ಇದ್ದರೆ ಹೆಸರು ಬದಲಾಗುತ್ತದೆ. ಆಗ ಅದು ಮಟಾಟು ಅಲ್ಲ, ‘ಙ್ಗಾನ್ಯಾ’. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಆದ ಮೇಲೆ ಬರುವ ಆ ‘ಙ’ಕ್ಕೆ ಜೀವನದಲ್ಲಿ ಏನು ಕೆಲಸ ಅಂತ ಕೇಳಿದ್ದೆವಲ್ಲ? ಕೆಲಸ ಇಲ್ಲಿದೆ. ‘ಎನ್‌ಗಾನ್ಯಾ’ ಅಂತ ಇಂಗ್ಲಿಷ್ ಸ್ಪೆಲಿಂಗ್ ಓದಿದರೆ ನಗುತ್ತಾರೆ. ಮೂಗಿನಿಂದ ಶುರು ಮಾಡಿ.

ಅವಸರ ಇದ್ದರೆ ವ್ಯಾನ್ ಹತ್ತಿ. ಇಲ್ಲದಿದ್ದರೆ ಙ್ಗಾನ್ಯಾಕ್ಕೇ ಕಾಯಿರಿ. ಇಲ್ಲಿನ ಕಾಲೇಜು ಹುಡುಗರು ಮಾಡುವುದು ಅದನ್ನೇ. ಖಾಲಿ ಗಾಡಿ ಎದುರಿಗೇ ನಿಂತಿದ್ದರೂ ಹತ್ತುವುದಿಲ್ಲ, ತಮ್ಮ ಗಾಡಿ ಬರಲಿ ಅಂತ ಇಪ್ಪತ್ತು ನಿಮಿಷ ನಿಲ್ಲುತ್ತಾರೆ. ಚಿತ್ರ ಹಳೆಯದಾದರೆ ಜನ ಕಮ್ಮಿ. ಜನ ಕಮ್ಮಿಯಾದರೆ ಮಾಲೀಕ ಮತ್ತೆ ಬಣ್ಣ ಹೊಡೆಸುತ್ತಾನೆ. ಚಿತ್ರಕಾರರಿಗೆ ಕೆಲಸ ಸಿಗುವುದು ಹೀಗೆ.

ಈ ಸಂಗತಿ ನನಗೆ ಸ್ವಲ್ಪ ಹತ್ತಿರದಿಂದ ಗೊತ್ತು. ರಿವರ್ ರೋಡ್ ಹತ್ತಿರ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಡಿಸೈನರ್. ಗೋಡೆ ಮೇಲಿನ ಬ್ಯಾನರು, ಮದುವೆ ಕಾರ್ಡು ಎಲ್ಲ ಮಾಡುತ್ತೇವೆ. ಮಟಾಟು ಹುಡುಗರೂ ಬರುತ್ತಾರೆ. ಗಾಡಿಯ ಮೈಮೇಲಿನ ಮುಖಗಳನ್ನು ಬಣ್ಣದ ಹುಡುಗರೇ ಏರ್‌ಬ್ರಷ್‌ನಲ್ಲಿ ಬರೆಯುತ್ತಾರೆ. ನಮ್ಮ ಹತ್ತಿರ ಬರುವುದು ಕಿಟಕಿಗೆ ಅಂಟಿಸುವ ಒನ್ ವೇ ವಿಷನ್ ವಿನೈಲ್‌ಗೆ, ಒಳಗಿನ ಸ್ಟಿಕರ್‌ಗೆ. ಒಂದು ಸಲ ಒಬ್ಬ ಹುಡುಗ ವಾಟ್ಸಾಪಿನಲ್ಲಿ ಬಂದ ಫುಟ್‌ಬಾಲ್ ಆಟಗಾರನ ಫೋಟೋ ತೋರಿಸಿ, ಆರು ಅಡಿಗೆ ಮಾಡಿಕೊಡಿ ಅಂದ. ಹೆಬ್ಬೆರಳಿನಷ್ಟು ಫೋಟೋ. ‘ಇಷ್ಟು ದೊಡ್ಡದು ಮಾಡಿದರೆ ಒಡೆಯುತ್ತಪ್ಪ, ಪಿಕ್ಸೆಲ್ ಎಲ್ಲ ಕಾಣುತ್ತೆ’ ಅಂದೆ. ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. ‘ಮೇಡಂ, ಗಾಡಿ ಎಂಬತ್ತರಲ್ಲಿ ಹೋಗುವಾಗ ಯಾರಿಗೆ ಪಿಕ್ಸೆಲ್ ಕಾಣುತ್ತೆ?’

ಎಂಬತ್ತಕ್ಕಿಂತ ಜಾಸ್ತಿ ಹೋಗಬಾರದು ಅಂತ ಕಾನೂನಿದೆ, ಅದಕ್ಕೊಂದು ಸ್ಪೀಡ್ ಗವರ್ನರ್ ಇರಬೇಕು. ಸಾರಿಗೆ ಮಂತ್ರಿಯಾಗಿದ್ದ ಜಾನ್ ಮಿಚುಕಿ 2004ರಲ್ಲಿ ಬಿಗಿ ಮಾಡಿದ ನಿಯಮಗಳಲ್ಲಿ ಅದೂ ಒಂದು. ಸೀಟ್ ಬೆಲ್ಟು, ಹಳದಿ ಪಟ್ಟಿ, ಕಂಡಕ್ಟರಿಗೆ ಮರೂನ್ ಯೂನಿಫಾರ್ಮು ಎಲ್ಲ ಆಗ ಬಂದದ್ದು. ಚಿತ್ರಗಳೂ ಆಗಲೇ ಅಳಿಸಿ ಹೋದವು. ಆಮೇಲೆ ಅಧ್ಯಕ್ಷ ಉಹುರು ಕೆನ್ಯಾಟಾ ಕಾಲದಲ್ಲಿ ‘ಹುಡುಗರ ಕಲೆ, ಬಿಡಿ’ ಅಂತಾಗಿ ಬಣ್ಣ ವಾಪಸ್ ಬಂತು. ಆ ಖಾಲಿ ವರ್ಷಗಳನ್ನು ನೆನೆದರೆ ನಮ್ಮ ಅಂಗಡಿಯ ಹಿರಿಯ ಪ್ರಿಂಟರ್ ಈಗಲೂ ಮುಖ ಹುಳ್ಳಗೆ ಮಾಡುತ್ತಾರೆ.

ಮೊದಲ ಸಲ ನೋಡುವವರು ರೈಲ್ವೆ ಸ್ಟೇಷನ್ ಹತ್ತಿರ ರೊಂಗಾಯ್ ಗಾಡಿಗಳು ನಿಲ್ಲುವ ಕಡೆ ಹೋಗಿ. ರೂಟ್ ನಂಬರ್ 125. ಊರಿನಿಂದ ಸುಮಾರು 20 ಕಿಲೋಮೀಟರ್ ಆಚೆಯ ಪೇಟೆ ರೊಂಗಾಯ್. ಅಲ್ಲಿದ್ದೇನೆ ಅಂದರೆ ‘ಪಾಸ್‌ಪೋರ್ಟ್ ತಂದಿದ್ದೀಯಾ?’ ಅಂತ ತಮಾಷೆ ಮಾಡುವಷ್ಟು ದೂರ. ಬಾಡಿಗೆ ಕಮ್ಮಿ, ಹುಡುಗರು ಜಾಸ್ತಿ. ಅದಕ್ಕೇ ಒಳ್ಳೆಯ ಗಾಡಿಗಳೂ ಅದೇ ದಾರಿಯಲ್ಲಿ. ಗಾಡಿಯ ಹಿಂಬದಿಯಿಂದ ನೋಡಲು ಶುರು ಮಾಡಿ. ಚಿತ್ರಕಾರ ಕೈಚಳಕ ತೋರಿಸುವುದು ಅಲ್ಲಿ, ಯಾಕೆಂದರೆ ಟ್ರಾಫಿಕ್‌ನಲ್ಲಿ ಹಿಂದೆ ಸಿಕ್ಕಿಹಾಕಿಕೊಂಡವರು ಅರ್ಧ ಗಂಟೆ ಅದನ್ನೇ ನೋಡಬೇಕು.

ಚಾರ್ಜ್

ಇಲ್ಲಿ ಎಲ್ಲರೂ ಎಡವುತ್ತಾರೆ. ಬೋರ್ಡಿಲ್ಲ, ಟಿಕೆಟ್ಟಿಲ್ಲ. ನಾನು ಇಳಿಯುವುದು ರೊಂಗಾಯ್‌ಗಿಂತ ಮೊದಲು, ಗ್ಯಾಲೇರಿಯಾ ಮಾಲ್ ಹತ್ತಿರ. ಅದೇ ಸೀಟಿಗೆ ಮಧ್ಯಾಹ್ನ 80 ಶಿಲ್ಲಿಂಗ್ ಕೊಟ್ಟಿದ್ದೇನೆ, ಸಂಜೆ 150 ಕೊಟ್ಟಿದ್ದೇನೆ, ಮಳೆ ಹಿಡಿದ ದಿನ 200 ಕೊಟ್ಟಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಲೆಕ್ಕ ತಿಳಿಯಿತು. ಮಾಲೀಕನಿಗೆ ದಿನಕ್ಕೆ ಇಂತಿಷ್ಟು ಅಂತ ಕಟ್ಟಬೇಕು. ಅದು ಮತ್ತು ಡೀಸೆಲ್ ಕಳೆದು ಉಳಿದದ್ದು ಡ್ರೈವರು ಕಂಡಕ್ಟರದು. ಬೆಳಿಗ್ಗೆ ಟ್ರಾಫಿಕ್‌ನಲ್ಲಿ ಒಂದು ಟ್ರಿಪ್ ತಪ್ಪಿದರೆ ಸಂಜೆ ನಮ್ಮ ಜೇಬಿನಿಂದ ತೆಗೆಯುತ್ತಾರೆ. ಲೆಕ್ಕ ಗೊತ್ತಾದ ಮೇಲೂ ಸಿಟ್ಟು ಬರುತ್ತದೆ, ಅದು ಬೇರೆ.

ಹಾಗಾಗಿ ಕಾಲಿಡುವ ಮೊದಲೇ ‘ನಿ ಙ್ಗಾಪಿ?’ ಅಂತ ಕೇಳಿ. ಎಷ್ಟು ಅಂತ. ಒಳಗೆ ಕೂತ ಮೇಲೆ ಕೇಳಿದರೆ ಕೇಳಿದ ಹಾಗಲ್ಲ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು, ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಾರಿ ಮಧ್ಯೆ ಇಳಿಯುವವರಾದರೆ ‘ಗ್ಯಾಲೇರಿಯಾ ಉಟಾಶುಕಿಷಾ?’ ಅಂತ ಕೇಳಿ. ಅಲ್ಲಿ ಇಳಿಸುತ್ತೀಯಾ ಅಂತ. ಸಂಜೆ ಹೊತ್ತು ರೊಂಗಾಯ್ ಗಾಡಿಯವರಿಗೆ ಕೊನೆಯವರೆಗೂ ಬರುವ ಜನವೇ ಬೇಕು. ನಡುವೆ ಇಳಿಯುವವರಿಗೆ ಮುಖ ತಿರುಗಿಸುತ್ತಾರೆ, ಇಲ್ಲವೇ ರೊಂಗಾಯ್ ಚಾರ್ಜನ್ನೇ ಕೇಳುತ್ತಾರೆ.

ಸಂಖ್ಯೆಗಳನ್ನು ಕಲಿಯಿರಿ. ಸ್ವಾಹಿಲಿ ಪುಸ್ತಕದ ಸಂಖ್ಯೆ ಅಲ್ಲ, ಬಾಗಿಲಲ್ಲಿ ನೇತಾಡುವವನು ಕೂಗುವ ಸಂಖ್ಯೆ. ಮ್ಬಾವ್ ಅಂದರೆ ಇಪ್ಪತ್ತು. ಫಿಂಜೆ ಅಂದರೆ ಐವತ್ತು. ಸೋ ಅಂದರೆ ನೂರು, ಇದನ್ನು ಕೇಳಿದಾಗ ನನಗೆ ಹಿಂದಿಯ ಸೌ ನೆನಪಾಗಿ ತಕ್ಷಣ ನಾಲಿಗೆಗೆ ಹತ್ತಿತು. ಸೋ-ಫಿಂಜೆ ಅಂದರೆ ನೂರೈವತ್ತು. ‘ಮ್ಬಾವ್ ಮ್ಬಾವ್’ ಅಂತ ಕೂಗಿದರೆ ಹತ್ತಿರದ ಸ್ಟೇಜಿಗೆ ಇಪ್ಪತ್ತು ಶಿಲ್ಲಿಂಗ್ ಅಂತ. ಸ್ಟೇಜ್ ಅಂದರೆ ಸ್ಟಾಪು. ನಮ್ಮೂರಲ್ಲಿ ಬಸ್ ಚಾರ್ಜು ಹೇಳುವಾಗ ಹೇಳುವ ಸ್ಟೇಜೇ ಇದು ಅಂದುಕೊಳ್ಳಿ.

ಕಂಡಕ್ಟರಿಗೆ ಕೊಂಡಾ ಅನ್ನುತ್ತಾರೆ, ಮಕಂಗಾ ಅಂತಲೂ ಹೇಳುತ್ತಾರೆ. ಅವನ ಕೈ ಒಮ್ಮೆ ಗಮನಿಸಿ. ನೋಟುಗಳನ್ನು ಉದ್ದಕ್ಕೆ ಮಡಚಿ ಒಂದೊಂದು ಬೆರಳ ಸಂದಿಗೆ ಒಂದೊಂದು ಬಗೆ ಸಿಕ್ಕಿಸಿರುತ್ತಾನೆ. ಅಂಗೈಯಲ್ಲಿ ನಾಣ್ಯ. ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಕಂಬಿ. ಯಾರು ಕೊಟ್ಟರು, ಯಾರಿಗೆ ಎಷ್ಟು ವಾಪಸ್ ಬರಬೇಕು ಎಲ್ಲ ತಲೆಯಲ್ಲೇ. ಚಿಲ್ಲರೆ ಆಮೇಲೆ ಕೊಡುತ್ತೇನೆ ಅನ್ನುತ್ತಾನೆ, ಬಹಳ ಸಲ ಕೊಡುತ್ತಾನೆ ಕೂಡ. ಆದರೆ ಇಳಿಯುವುದಕ್ಕೆ ಎರಡು ಸ್ಟೇಜ್ ಮೊದಲೇ ‘ಚೆಂಜ್ ಯಾಂಗು’ ಅಂತ ನೆನಪಿಸಬೇಕು. ಸಾವಿರದ ನೋಟು ಕೊಟ್ಟು ನೆನಪಿಸಲು ನಾಚಿಕೊಂಡು ಇಳಿದವಳು ನಾನು. ಗಾಡಿ ಹೋಯಿತು, 850 ಶಿಲ್ಲಿಂಗೂ ಹೋಯಿತು. ಆ ಗಾಡಿಯ ಹಿಂದೆ ‘ಹರಾಕಾ ಹರಾಕಾ ಹೈನಾ ಬರಾಕಾ’ ಅಂತ ಬರೆದಿತ್ತು. ಅವಸರದಲ್ಲಿ ಬರಕತ್ತಿಲ್ಲ ಅನ್ನುವ ಸ್ವಾಹಿಲಿ ಗಾದೆ ಅದು. ಆ ಸ್ಟಿಕರ್ ನಮ್ಮ ಅಂಗಡಿಯದ್ದೇ ಇರಬಹುದು ಅನ್ನುವುದು ಇನ್ನೂ ಹೊಟ್ಟೆ ಉರಿಸಿತು.

ನಗದು ಬೇಡ ಅಂದರೆ ಎಂ-ಪೆಸಾ ಇದೆ. 2007ರಿಂದ ಈ ದೇಶ ಫೋನಿನಲ್ಲೇ ದುಡ್ಡು ಕಳಿಸುತ್ತಿದೆ, ನಮ್ಮ ಯುಪಿಐ ಹುಟ್ಟುವ ಎಷ್ಟೋ ವರ್ಷ ಮೊದಲಿನಿಂದ. ಬಟನ್ ಫೋನಿದ್ದರೂ ಸಾಕು. ಕೊಂಡಾ ನಂಬರ್ ಹೇಳುತ್ತಾನೆ, ಕಳಿಸಿ, ಬಂದ ಮೆಸೇಜ್ ತೋರಿಸಿ. ಆದರೆ ಕಿಟಕಿ ಪಕ್ಕ ಕೂತು ತೋರಿಸಬೇಡಿ. ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ ಹೊರಗಿನಿಂದ ಒಂದು ಕೈ ಬರುತ್ತದೆ, ಫೋನ್ ಹೋಗುತ್ತದೆ, ಅಷ್ಟೇ. ನನ್ನ ಎದುರಿನ ಸೀಟಿನವಳದ್ದು ಹೋದಾಗ ಅವಳು ಕಿರುಚುವ ಹೊತ್ತಿಗೆ ಆ ಹುಡುಗ ರಸ್ತೆಯ ಆಚೆ ಬದಿಯಲ್ಲಿದ್ದ.

ಒಳಗೆ

‘ಎರಡೇ ಸೀಟು, ಎರಡೇ ಸೀಟು’ ಅನ್ನುತ್ತಾರೆ. ನಂಬಬೇಡಿ, ತಲೆ ಎಣಿಸಿ. ಎಣಿಸಿದರೂ ಮೋಸ ಇದೆ. ತುಂಬಿದ ಹಾಗೆ ಕಾಣಲಿ ಅಂತ ಸ್ಟೇಜಿನ ಹುಡುಗರನ್ನೇ ಕೂರಿಸಿರುತ್ತಾರೆ. ನೀವು ಹತ್ತಿದಂತೆಲ್ಲ ಅವರು ಒಬ್ಬೊಬ್ಬರೇ ಇಳಿಯುತ್ತಾರೆ. ಮಡಿಲಲ್ಲಿ ಚೀಲ ಇಲ್ಲದವರು, ಎಲ್ಲಿಗೂ ಹೊರಟ ಮುಖ ಇಲ್ಲದವರು ಅಂದರೆ ಅವರೇ.

ಮಾತಾಡಬೇಕೆಂದಿದ್ದರೆ ಹಿಂದಿನ ಸೀಟು ಬೇಡ, ಸ್ಪೀಕರ್ ಅಲ್ಲಿರುತ್ತದೆ. ಒಂದು ಸಲ ಕೂತಿದ್ದೆ. ಬೇಸ್ ಹೊಡೆತಕ್ಕೆ ಮಡಿಲಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತಾಳ ಹಾಕುತ್ತಿತ್ತು. ಪಕ್ಕದ ಹುಡುಗ ನೋಡಿದ, ಅದೇ ತಾಳಕ್ಕೆ ತಲೆ ಆಡಿಸಿದ, ಇಬ್ಬರೂ ನಕ್ಕೆವು. ಹಾಡು ಇಲ್ಲಿನ ಹುಡುಗರದ್ದೇ ಆದ ಗೆಂಗೆಟೋನ್, ಅರ್ಬನ್‌ಟೋನ್ ಇರುತ್ತದೆ, ರೆಗೇ ಇರುತ್ತದೆ. ಸೌಂಡ್ ಕಮ್ಮಿ ಮಾಡಿ ಅಂತ ಕೇಳಬೇಡಿ. ಸೌಂಡಿಗಾಗಿಯೇ ಹತ್ತಿದವರು ಮೂವತ್ತು ಜನ ಇದ್ದಾರೆ, ಬೇಡ ಅನ್ನುವವರು ನೀವೊಬ್ಬರು.

ಇನ್ನು ಭಾಷೆ. ಇದು ನನಗೆ ಎಲ್ಲಕ್ಕಿಂತ ಇಷ್ಟದ ಸಂಗತಿ. ಇವರು ಆಡುವುದು ಶೆಂಗ್. ಸ್ವಾಹಿಲಿಯ ವ್ಯಾಕರಣ, ಅದರೊಳಗೆ ಇಂಗ್ಲಿಷು, ಕಿಕುಯು, ಲುವೊ, ಸಿಕ್ಕಿದ್ದೆಲ್ಲ. ನೈರೋಬಿಯ ಈಸ್ಟ್‌ಲ್ಯಾಂಡ್ಸ್ ಬಡಾವಣೆಗಳಲ್ಲಿ ಹುಟ್ಟಿದ್ದು. ಮೇಷ್ಟ್ರುಗಳಿಗೆ ಇದು ಕಂಡರಾಗದು. ಮಾತು ಎಷ್ಟು ಬೇಗ ಬದಲಾಗುತ್ತದೆ ಅಂದರೆ, ಮಟಾಟುವಿನ ಟಾಟು ತೆಗೆದು ಇಂಗ್ಲಿಷಿನ ಥ್ರೀ ಸೇರಿಸಿ ‘ಮಾಥ್ರೀ’ ಮಾಡಿದರು. ಅಲಂಕಾರದ ಗಾಡಿಗೆ ಮೊದಲು ‘ಮಾನ್ಯಾಂಗಾ’ ಅನ್ನುತ್ತಿದ್ದರಂತೆ, ಆಮೇಲೆ ಙ್ಗಾನ್ಯಾ. ನಾನೊಮ್ಮೆ ಮಾನ್ಯಾಂಗಾ ಅಂದೆ. ಅಂಗಡಿಯ ಹುಡುಗಿ ‘ನೀನೇನು ನಮ್ಮಮ್ಮನ ವಯಸ್ಸಿನವಳಾ?’ ಅಂದಳು.

ಆ ಹುಡುಗಿ ಕಿಸುಮು ಕಡೆಯವಳು. ಅಮ್ಮನ ಹತ್ತಿರ ಫೋನಿನಲ್ಲಿ ಲುವೊ, ಗಿರಾಕಿಯ ಹತ್ತಿರ ಇಂಗ್ಲಿಷು, ಕೊಂಡಾನ ಹತ್ತಿರ ಶೆಂಗ್. ನನಗೆ ಇದು ಹೊಸದೇನಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷು ಅಂತ ಬೆಳೆದವರು ನಾವು. ಆದರೆ ಒಂದು ವ್ಯತ್ಯಾಸ ಇದೆ. ಇಲ್ಲಿ ಅಪ್ಪನ ಹೆಸರು ಹೇಳಿದರೆ ಜನಾಂಗ ಯಾವುದು ಅಂತ ಗೊತ್ತಾಗುತ್ತದೆ, ಚುನಾವಣೆ ಬಂದಾಗ ಅದೇ ದೊಡ್ಡದಾಗುತ್ತದೆ. ಶೆಂಗ್ ಆಡುವಾಗ ಅದು ತಿಳಿಯುವುದಿಲ್ಲ. ‘ಅದಕ್ಕೇ ನನಗೆ ಆರಾಮ’ ಅಂತ ಅವಳೇ ಒಂದು ದಿನ ಚಪಾತಿ, ಬೀನ್ಸ್ ತಿನ್ನುತ್ತಾ ಹೇಳಿದಳು. 2024ರ ಜೂನ್‌ನಲ್ಲಿ ಹಣಕಾಸು ಮಸೂದೆ ವಿರುದ್ಧ ಹುಡುಗರು ಬೀದಿಗೆ ಇಳಿದಾಗ ತಮಗೆ ಜನಾಂಗ ಇಲ್ಲ, ಪಕ್ಷ ಇಲ್ಲ, ನಾಯಕ ಇಲ್ಲ ಅಂತಲೇ ಹೇಳಿಕೊಂಡರು. ನಮ್ಮ ಅಂಗಡಿ ಮುಚ್ಚಿತ್ತು. ಅವಳು ರಟ್ಟಿನ ಡಬ್ಬಿ ಹರಿದು ಮಾರ್ಕರ್‌ನಲ್ಲಿ ಬರೆದುಕೊಂಡು ಹೋದಳು. ಡಿಸೈನರ್ ಆಗಿ ಹೇಳುತ್ತೇನೆ, ಅಕ್ಷರ ಚೆನ್ನಾಗಿತ್ತು. (ಅಂಥ ದಿನಗಳಲ್ಲಿ ಮಟಾಟುಗಳು ಊರೊಳಗೆ ಬರುವುದಿಲ್ಲ. ಬೆಳಿಗ್ಗೆಯೇ ಯಾರನ್ನಾದರೂ ಕೇಳಿ, ಮನೆಯಲ್ಲೇ ಇರಿ.)

ನೀವು ಶೆಂಗ್ ಆಡಲು ಹೋಗಬೇಡಿ, ಚೆನ್ನಾಗಿರುವುದಿಲ್ಲ. ಹೇಗಿದ್ದೀಯಾ ಅನ್ನುವ ಹಾಗೆ ‘ನಿಯಾಜೆ?’ ಅಂತ ಕೇಳಿದರೆ, ಚೆನ್ನಾಗಿದ್ದೇನೆ ಅನ್ನುವ ಹಾಗೆ ‘ಪೊವಾ’ ಅನ್ನಿ, ಸಾಕು. ನಿಮ್ಮನ್ನು ‘ಮ್ಹಿಂಡಿ’ ಅಂತ ಕರೆಯಬಹುದು. ಇಂಡಿಯನ್ ಅಂತ ಅರ್ಥ, ಬೈಗುಳ ಅಲ್ಲ. ಮ್ಹಿಂಡಿಗಳು ಕಾರಿನಲ್ಲಿ ಹೋಗುವವರು ಅಂತ ಇಲ್ಲಿನವರ ಲೆಕ್ಕ, ಅದಕ್ಕೇ ಒಂದು ಕ್ಷಣ ನೋಡುತ್ತಾರೆ. 1896ರಲ್ಲಿ ಶುರುವಾದ ರೈಲು ಕೆಲಸಕ್ಕೆ ಬಂದವರ ಕಾಲದಿಂದ ನಮ್ಮ ದೇಶದವರು ಇಲ್ಲಿದ್ದಾರೆ. 2017ರಲ್ಲಿ ಸರ್ಕಾರ ಅವರನ್ನು ದೇಶದ 44ನೇ ಜನಾಂಗ ಅಂತ ಒಪ್ಪಿಕೊಂಡಿತು. ಪದಗಳು ಅದಕ್ಕೂ ಮೊದಲೇ ಒಳಗೆ ಬಂದಿವೆ. ಚಪಾತಿ, ಬಜಿಯಾ, ಲಕ್ಷಕ್ಕೆ ಲಾಕಿ. ವಾಹನಕ್ಕೆ ಸ್ವಾಹಿಲಿಯಲ್ಲಿ ‘ಗಾರಿ’ ಅನ್ನುತ್ತಾರೆ. ನಮ್ಮ ಗಾಡಿಯೇ.

ಬಟ್ಟೆ

ಕಂಪನಿಯ ಲೋಗೋ ಇರುವ ಅಂಗಿ ಬೇಡ, ಚಿನ್ನ ಬೇಡ, ಬ್ಯಾಗ್ ಎದೆ ಮೇಲೆ ಇರಲಿ. ಜುಲೈನಲ್ಲಿ ಸ್ವೆಟರ್ ಬೇಕು. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಬಂದವರಿಗೆಲ್ಲ ಮೊದಲ ಜುಲೈ ನೆಗಡಿ.

ಹುಡುಗರು ಹಾಕಿಕೊಂಡದ್ದನ್ನು ನೋಡಿ ಆಸೆಯಾದರೆ ಎಲ್ಲಿಂದ ಅಂತ ಕೇಳಿ. ಉತ್ತರ ಹೆಚ್ಚಾಗಿ ಮಿಟುಂಬಾ, ಅಂದರೆ ಹೊರದೇಶದಿಂದ ಮೂಟೆಯಲ್ಲಿ ಬರುವ ಹಳೆ ಬಟ್ಟೆ. ಗಿಕೊಂಬಾ ಮಾರ್ಕೆಟಿನಲ್ಲಿ ಬೆಳಿಗ್ಗೆ ಮೂಟೆ ಬಿಚ್ಚುತ್ತಾರೆ. ಮೊದಲು ಹೆಕ್ಕಿದ ಒಳ್ಳೆಯ ಮಾಲಿಗೆ ‘ಕ್ಯಾಮೆರಾ’ ಅಂತ ಹೆಸರು, ಕೊನೆಗೆ ಉಳಿದು ರಾಶಿಯಲ್ಲಿ ಮಾರುವುದು ‘ಫಗಿಯಾ’, ಗುಡಿಸಿದ್ದು ಅಂತ. ನಮ್ಮ ಅಂಗಡಿ ಹುಡುಗಿ ಫಗಿಯಾದಲ್ಲಿ ಐವತ್ತು ಶಿಲ್ಲಿಂಗಿಗೆ ಗಂಡಸರ ಕೋಟು ತಂದು, ತೋಳು ಕತ್ತರಿಸಿ, ಬೆನ್ನಿಗೆ ನಮ್ಮ ಉಳಿಕೆ ವಿನೈಲ್ ತುಂಡನ್ನು ಹೀಟ್ ಪ್ರೆಸ್‌ನಲ್ಲಿ ಒತ್ತಿ ಹಾಕಿಕೊಂಡು ಬಂದಳು. ಆ ವಿನೈಲ್ ಬಿಸಿಗೆ ನಿಲ್ಲುವಂಥದ್ದಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಅಂಚು ಸುರುಟಿತು. ಸುರುಟಿದ್ದೇ ಚೆನ್ನಾಗಿದೆ ಅಂತ ಕೊಂಡಾ ಹೇಳಿದನಂತೆ, ಮುಗಿಯಿತು.

ಇಳಿಯುವುದು

ಗಾಡಿ ಲಂಗಾಟಾ ರಸ್ತೆಗೆ ಬಂದು, ವಿಲ್ಸನ್ ವಿಮಾನ ನಿಲ್ದಾಣ ದಾಟಿದ ಮೇಲೆ ಎಡಕ್ಕೆ ನ್ಯಾಷನಲ್ ಪಾರ್ಕಿನ ಕಾಡು ಶುರುವಾಗುತ್ತದೆ. ಬೋಮಾಸ್ ಅನ್ನುವ ಸ್ಟೇಜ್ ಬರುವ ಹೊತ್ತಿಗೆ ನಾನು ಏಳುತ್ತೇನೆ. ಗಂಟೆ ಇಲ್ಲ, ಹಗ್ಗ ಇಲ್ಲ. ‘ಶುಕಿಷಾ!’ ಅಂತ ಕೂಗಬೇಕು. ಹಾಡಿನ ಮಧ್ಯೆ ನಿಮ್ಮ ದನಿ ಕೇಳದಿದ್ದರೆ ನಾಣ್ಯದಿಂದ ಕಂಬಿಗೆ ಟಕಟಕ ಬಡಿಯಿರಿ. ಕೊಂಡಾ ಗಾಡಿಯ ಮೈಗೆ ಅಂಗೈಯಿಂದ ಹೊಡೆಯುತ್ತಾನೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ಪೂರ್ತಿ ನಿಲ್ಲುವವರೆಗೂ ಕಾಯಿರಿ, ಇಲ್ಲಿನವರು ಓಡುತ್ತಿರುವಾಗಲೇ ಹಾರುವುದನ್ನು ನೋಡಿ ಮರುಳಾಗಬೇಡಿ. ರಾತ್ರಿ ಎಂಟರ ಮೇಲೆ ನಾನು ಹತ್ತುವುದೇ ಇಲ್ಲ, ಆಗ ಟ್ಯಾಕ್ಸಿ. ಇದರಲ್ಲಿ ಧೈರ್ಯ ತೋರಿಸುವುದಕ್ಕೇನಿಲ್ಲ. ಏನಾದರೂ ಮರೆತು ಇಳಿದರೆ ಹುಡುಕಲು ಬೇಕಾಗುವುದು ಗಾಡಿಯ ಚಂದದ ಹೆಸರಲ್ಲ, ಬದಿಯಲ್ಲಿ ಸಣ್ಣದಾಗಿ ಬರೆದ ಸಾಕೊ ಹೆಸರು. ಪ್ರತಿ ಗಾಡಿಯೂ ಒಂದು ಸಹಕಾರಿ ಸಂಘಕ್ಕೋ ಕಂಪನಿಗೋ ಸೇರಿರಬೇಕು ಅಂತ ನಿಯಮ ಇದೆ. ಹತ್ತುವಾಗಲೇ ಅದನ್ನೂ ನಂಬರ್ ಪ್ಲೇಟನ್ನೂ ಒಮ್ಮೆ ನೋಡಿಕೊಳ್ಳಿ.

ಬಾಗಿಲು ಎಡಕ್ಕೆ ಇರುತ್ತದೆ, ರಸ್ತೆಯಂಚಿಗೆ. ಅದೇ ಅಂಚಿನಲ್ಲಿ ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕುಗಳು ನುಗ್ಗುತ್ತವೆ. ಕಾಲಿಡುವ ಮೊದಲು ಹಿಂದಕ್ಕೆ ನೋಡಿ. ಎರಡು ಹೆಜ್ಜೆ ಆಚೆ ಬಂದರೆ ತಳ್ಳುಗಾಡಿಯವನು ಇರುತ್ತಾನೆ. ಸ್ಮೋಕಿ ಅನ್ನುವ ಸಾಸೇಜನ್ನು ಸೀಳಿ ಈರುಳ್ಳಿ ಟೊಮೆಟೊ ತುಂಬಿ ಕೊಡುತ್ತಾನೆ. ಮಾಂಸ ತಿನ್ನದವರಿಗೆ ಅದೇ ಗಾಡಿಯಲ್ಲಿ ಬೇಯಿಸಿದ ಮೊಟ್ಟೆ ಸಿಗುತ್ತದೆ, ‘ಮಾಯಾಯಿ’ ಅಂತ ಕೇಳಿ. ಅವರೂ ಆ ಈರುಳ್ಳಿ ಟೊಮೆಟೊಗೆ ಕಚುಂಬರಿ ಅಂತಲೇ ಅನ್ನುತ್ತಾರೆ. ಜಾಸ್ತಿ ಹಾಕು ಅನ್ನಿ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.